ಮೇರುದ್ರವದ ಸೋರಿಕೆಯೂ ಅದರ ಶಸ್ತ್ರರಹಿತ ಚಿಕಿತ್ಸೆಯೂ

ಮನುಷ್ಯನ ಮಿದುಳನ್ನು ಹೊರತೆಗೆದು ತಕ್ಕಡಿಯಲ್ಲಿ ತೂಗಿದರೆ ಅದು ಸುಮಾರು 1,400 ಗ್ರಾಂ ತೂಗುತ್ತದೆ. ಅದೇ ಮಿದುಳು ತಲೆಬುರುಡೆಯೊಳಗೆ ತನ್ನ ಸ್ವಸ್ಥಾನದಲ್ಲಿರುವಾಗ ಅದರ ತೋರಿಕೆಯ ಭಾರ 50 ಗ್ರಾಂಗಳನ್ನು ಮೀರುವುದಿಲ್ಲ. ಈ ಮಾತು ಮೊದಲು ಕೇಳಿದಾಗ ವಿಚಿತ್ರವಾಗಿ ತೋರಬಹುದು. ಆದರೆ ಬಾವಿಯಿಂದ ನೀರು ಸೇದಿ ಬಲ್ಲವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಕೊಡ ನೀರಿನೊಳಗಿರುವವರೆಗೆ ಹಗುರವಾಗಿರುತ್ತದೆ. ನೀರನ್ನು ಬಿಟ್ಟು ಮೇಲಕ್ಕೆ ಬಂದೊಡನೆ ಹಗ್ಗ ಕೈಯನ್ನು ಜಗ್ಗುತ್ತದೆ. ನಮ್ಮ ಮಿದುಳೂ ಹೀಗೆಯೇ ಒಂದು ದ್ರವದಲ್ಲಿ ಮುಳುಗಿ, ಬಹುಮಟ್ಟಿಗೆ ತೇಲುತ್ತಿದೆ.

ಈ ದ್ರವದ ಚೀಲದಲ್ಲಿ ಒಂದು ಸಣ್ಣ ತೂತು ಬಿದ್ದರೆ ಏನಾಗುತ್ತದೆ? ಕತ್ತಿಯನ್ನು ಹಿಡಿಯದೆ ಆ ತೂತನ್ನು ಮುಚ್ಚುವುದು ಹೇಗೆ? ಈ ಲೇಖನದಲ್ಲಿ ಇವನ್ನು ವಿಚಾರಿಸೋಣ. ಇದು ವೈದ್ಯಶಾಸ್ತ್ರದ ವಿಷಯವೇ ಆದರೂ ಇದರ ಬುಡದಲ್ಲಿರುವುದು ನಾವು ಪ್ರೌಢಶಾಲೆಯಲ್ಲಿ ಓದುವ ಆರ್ಕಿಮಿಡೀಸನ ತತ್ತ್ವ ಮತ್ತು ದ್ರವಗಳ ಒತ್ತಡದ ನಿಯಮ. ಇಷ್ಟು ಭೌತವಿಜ್ಞಾನವನ್ನು ಬಲ್ಲವರು ಒಂದು ಬಗೆಯ ತಲೆನೋವನ್ನು ಗುರುತಿಸಬಲ್ಲರು. ಹಲವರು ಆ ನೋವನ್ನು ಗುರುತಿಸಲಾರದೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನರಳುತ್ತಾರೆ.

ತೇಲುವ ಮಿದುಳು

ಮಿದುಳನ್ನೂ ಅದರಿಂದ ಕೆಳಗಿಳಿಯುವ ಬೆನ್ನುಹುರಿಯನ್ನೂ ಮೂರು ಪೊರೆಗಳು ಸುತ್ತುವರಿದಿವೆ. ಹೊರಗಿನದು ದಪ್ಪವಾದ, ಗಟ್ಟಿಯಾದ ಪೊರೆ. ಇದಕ್ಕೆ ಡ್ಯೂರಾ ಎಂದು ಹೆಸರು. ಇದರ ಒಳಮೈಗೆ ಅಂಟಿದಂತೆ ಜೇಡರಬಲೆಯಷ್ಟು ನವುರಾದ ಎರಡನೆಯ ಪೊರೆಯುಂಟು. ಮೂರನೆಯದು ಮಿದುಳಿನ ಮೈಗೇ ಅಂಟಿಕೊಂಡಿದೆ. ಎರಡನೆಯ ಮತ್ತು ಮೂರನೆಯ ಪೊರೆಗಳ ನಡುವಣ ಅವಕಾಶದಲ್ಲಿ ನೀರಿನಂತೆ ತಿಳಿಯಾದ ದ್ರವವೊಂದು ತುಂಬಿದೆ. ವೈದ್ಯರು ಇದನ್ನು ಸೆರೆಬ್ರೋಸ್ಪೈನಲ್ ದ್ರವ ಎನ್ನುತ್ತಾರೆ. ನಾವು ಇಲ್ಲಿ ಅನುಕೂಲಕ್ಕಾಗಿ ಮೇರುದ್ರವ ಎಂದು ಕರೆಯೋಣ. ಇಟಲಿಯ ಡೊಮೆನಿಕೊ ಕೊಟುನ್ಯೊ ಎಂಬ ಅಂಗರಚನಾಶಾಸ್ತ್ರಜ್ಞನು 1764ರಲ್ಲಿ ಈ ದ್ರವವನ್ನು ವಿವರವಾಗಿ ವರ್ಣಿಸಿದನು.

ಪ್ರಾಯದ ಮನುಷ್ಯನಲ್ಲಿ ಮೇರುದ್ರವದ ಒಟ್ಟು ಮೊತ್ತ ಸುಮಾರು 150 ಮಿಲಿಲೀಟರ್, ಎಂದರೆ ಒಂದು ಲೋಟದಷ್ಟು ಮಾತ್ರ. ಆದರೆ ಇದು ನಿಂತ ನೀರಲ್ಲ. ಮಿದುಳಿನ ಒಳಗಣ ಕುಹರಗಳಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹೊಸದಾಗಿ ಉತ್ಪತ್ತಿಯಾಗುತ್ತದೆ. ಅಷ್ಟೇ ದ್ರವ ರಕ್ತಕ್ಕೆ ಮರಳಿ ಹೀರಲ್ಪಡುತ್ತದೆ. ಲೆಕ್ಕ ಹಾಕಿದರೆ ಇದು ನಿಮಿಷಕ್ಕೆ ಏಳು ಹನಿಗಳಷ್ಟಾಗುತ್ತದೆ. ಹೀಗೆ ಈ ಲೋಟದ ನೀರು ದಿನಕ್ಕೆ ಮೂರು ಬಾರಿಗಿಂತ ಹೆಚ್ಚಾಗಿ ಬದಲಾಗುತ್ತಿರುತ್ತದೆ.

ಈಗ ಆರ್ಕಿಮಿಡೀಸನ ತತ್ತ್ವವನ್ನು ಅನ್ವಯಿಸೋಣ. ಮಿದುಳಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.04 ಗ್ರಾಂ, ಮೇರುದ್ರವದ್ದು 1.007 ಗ್ರಾಂ. 1,400 ಗ್ರಾಂ ಮಿದುಳಿನ ಗಾತ್ರ 1,400 ÷ 1.04, ಎಂದರೆ 1,346 ಮಿಲಿಲೀಟರ್. ಇಷ್ಟೇ ಗಾತ್ರದ ಮೇರುದ್ರವದ ತೂಕ 1,346 × 1.007, ಎಂದರೆ ಸುಮಾರು 1,356 ಗ್ರಾಂ. ಇದೇ ದ್ರವವು ಮಿದುಳನ್ನು ಮೇಲಕ್ಕೆ ನೂಕುವ ಬಲ. ಉಳಿಯುವ ಭಾರ 1,400 – 1,356, ಎಂದರೆ ಕೇವಲ 44 ಗ್ರಾಂ. ಬೆಣ್ಣೆಯಷ್ಟು ಮೃದುವಾದ ಮಿದುಳು ತನ್ನ ಭಾರಕ್ಕೆ ತಾನೇ ಕುಸಿಯದೆ ಉಳಿದಿರುವುದು ಈ ವ್ಯವಕಲನದಿಂದ.

ಮಲಗಿದಾಗ ಮತ್ತು ಎದ್ದಾಗ

ದ್ರವವೊಂದರಲ್ಲಿ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆಂಬುದು ನಮಗೆ ತಿಳಿದಿದೆ. ತಲೆಬುರುಡೆಯಿಂದ ಸೊಂಟದ ಕೆಳಗಿನವರೆಗೆ ಹಬ್ಬಿರುವ ಮೇರುದ್ರವದ ಚೀಲಕ್ಕೂ ಇದೇ ನಿಯಮ. ಮನುಷ್ಯನು ಮಗ್ಗುಲಾಗಿ ಮಲಗಿರುವಾಗ ಚೀಲದ ಎಲ್ಲ ಭಾಗಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಆಗ ಒತ್ತಡವು ಎಲ್ಲೆಡೆಯೂ ಸುಮಾರು 10ರಿಂದ 20 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟಿರುತ್ತದೆ. ಎದ್ದು ಕುಳಿತೊಡನೆ ಚೀಲವು ನೆಟ್ಟಗಾಗುತ್ತದೆ. ಸೊಂಟದ ಬಳಿಯ ಒತ್ತಡ ಸುಮಾರು 40 ಸೆಂಟಿಮೀಟರಿಗೆ ಏರುತ್ತದೆ. ತಲೆಯೊಳಗಿನದು ವಾಯುಮಂಡಲದ ಒತ್ತಡದ ಸಮಕ್ಕೆ, ಅಥವಾ ಅದಕ್ಕಿಂತ ತುಸು ಕೆಳಕ್ಕೆ ಇಳಿಯುತ್ತದೆ.

ಇದನ್ನು ಮನೆಯಲ್ಲಿಯೇ ಪ್ರಯೋಗ ಮಾಡಿ ನೋಡಬಹುದು. ಒಂದು ಮೀಟರ್ ಉದ್ದದ ತೆಳುವಾದ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಬಿರಡೆಯಿಂದ ಭದ್ರವಾಗಿ ಮುಚ್ಚಿರಿ. ಆ ತುದಿಗೆ ಸಮೀಪದಲ್ಲಿ ಕಾಯಿಸಿದ ಸೂಜಿಯಿಂದ ಒಂದು ತೂತು ಮಾಡಿರಿ. ಕೊಳವೆಯಲ್ಲಿ ನೀರು ತುಂಬಿ, ತೆರೆದ ತುದಿಯನ್ನು ತುಸುವೇ ಎತ್ತಿ, ಮೇಜಿನ ಮೇಲೆ ಮಲಗಿಸಿರಿ. ತೂತಿನಿಂದ ನೀರು ಹನಿಹನಿಯಾಗಿ ಬೀಳುತ್ತದೆ. ಈಗ ಕೊಳವೆಯನ್ನು ನೆಟ್ಟಗೆ ಎತ್ತಿ ಹಿಡಿಯಿರಿ. ಅದೇ ತೂತಿನಿಂದ ನೀರು ಚಿಲುಮೆಯಂತೆ ಚಿಮ್ಮುತ್ತದೆ. ತೂತು ಬದಲಾಗಲಿಲ್ಲ, ಬದಲಾದದ್ದು ಅದರ ಮೇಲೆ ನಿಂತ ನೀರಿನ ಎತ್ತರ ಮಾತ್ರ.

ಮೇರುದ್ರವದ ಚೀಲದಲ್ಲಿ ಸೊಂಟದ ಬಳಿ ತೂತು ಬಿದ್ದವನ ಸ್ಥಿತಿ ಈ ಕೊಳವೆಯದೇ. ಸೋರುವ ದ್ರವವು ಉತ್ಪತ್ತಿಯಾಗುವ ದ್ರವವನ್ನು ಮೀರಿದರೆ ಒಟ್ಟು ಮೊತ್ತ ಕುಗ್ಗುತ್ತದೆ. ಆಗ ಎದ್ದು ಕುಳಿತರೆ ಮಿದುಳಿಗೆ ಸಾಕಷ್ಟು ಆಸರೆ ದೊರೆಯುವುದಿಲ್ಲ. ಅದು ಕೆಳಕ್ಕೆ ಜಗ್ಗುತ್ತದೆ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಆದರೆ ಅದನ್ನು ಸುತ್ತಿದ ಡ್ಯೂರಾ ಪೊರೆಗೂ ರಕ್ತನಾಳಗಳಿಗೂ ಇದೆ. ಇವು ಎಳೆಯಲ್ಪಟ್ಟು ಹಣೆಯಲ್ಲಿಯೂ ಹಿಂದಲೆಯಲ್ಲಿಯೂ ತೀವ್ರವಾದ ನೋವು ಹುಟ್ಟುತ್ತದೆ. ಕತ್ತು ಬಿಗಿಯುತ್ತದೆ, ವಾಕರಿಕೆ ಬರುತ್ತದೆ. ಒಳಗಿವಿಯ ದ್ರವಕ್ಕೂ ಮೇರುದ್ರವಕ್ಕೂ ಸಣ್ಣದೊಂದು ಕಾಲುವೆಯ ಸಂಬಂಧವಿರುವುದರಿಂದ ಕೆಲವರಿಗೆ ಕಿವಿ ಗುಂಯ್‌ಗುಡುತ್ತದೆ, ಅಥವಾ ಮುಚ್ಚಿದಂತಾಗುತ್ತದೆ. ಕಣ್ಣನ್ನು ಹೊರಕ್ಕೆ ತಿರುಗಿಸುವ ನರವು ಎಳೆಯಲ್ಪಟ್ಟರೆ ವಸ್ತುಗಳು ಎರಡಾಗಿ ಕಾಣುವುದೂ ಉಂಟು. ರೋಗಿಯು ಮಲಗಿದರೆ ಇವೆಲ್ಲ ಬಹುಬೇಗ ಶಮನವಾಗುತ್ತವೆ. ಏಳುವಾಗ ಬಂದು ಮಲಗಿದಾಗ ಹೋಗುವುದು ಈ ತಲೆನೋವಿನ ಮುಖ್ಯ ಲಕ್ಷಣ.

ಕೀಲ್ ನಗರದ ಪ್ರಯೋಗ

ಈ ನೋವಿನ ಮೊದಲ ವಿವರಣೆಗಳಲ್ಲಿ ಒಂದು ವೈದ್ಯನೊಬ್ಬನ ಸ್ವಂತ ದೇಹದ ಮೇಲಿನ ಪ್ರಯೋಗದಿಂದ ದೊರೆಯಿತು. 1891ರಲ್ಲಿ ಜರ್ಮನಿಯ ಕೀಲ್ ನಗರದ ಹೈನ್ರಿಖ್ ಕ್ವಿಂಕೆ ಸೊಂಟದ ಮಣಿಗಳ ನಡುವೆ ಸೂಜಿ ತೂರಿಸಿ ಮೇರುದ್ರವವನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದನು. 1898ರಲ್ಲಿ ಅದೇ ನಗರದ ಶಸ್ತ್ರವೈದ್ಯ ಆಗಸ್ಟ್ ಬೀರ್, ಈ ದಾರಿಯಿಂದಲೇ ಕೊಕೇನನ್ನು ಒಳಸೇರಿಸಿದರೆ ದೇಹದ ಕೆಳಭಾಗವೆಲ್ಲ ಮರಗಟ್ಟುವುದೆಂದು ತೋರಿಸಿದನು. ಅದನ್ನು ತನ್ನ ಮೇಲೆಯೇ ಪರೀಕ್ಷಿಸಬೇಕೆಂದು ತನ್ನ ಸಹಾಯಕ ಹಿಲ್ಡೆಬ್ರಾಂಟ್‌ನಿಂದ ಸೂಜಿ ಹಾಕಿಸಿಕೊಂಡನು. ಪಿಚಕಾರಿಯು ಸೂಜಿಗೆ ಸರಿಯಾಗಿ ಹೊಂದಲಿಲ್ಲ. ಬಹಳಷ್ಟು ಮೇರುದ್ರವ ಹೊರಕ್ಕೆ ಹರಿದುಹೋಯಿತು. ಅನಂತರ ಬೀರ್‌ನಿಗೆ ಎದ್ದಾಗ ತಲೆನೋವು, ಮಲಗಿದರೆ ಸುಖ. ಒಂಬತ್ತು ದಿನ ಹಾಸಿಗೆಯಲ್ಲಿದ್ದ ಮೇಲೆ ಅವನು ಚೇತರಿಸಿಕೊಂಡನು. ದ್ರವದ ನಷ್ಟವೇ ಇದಕ್ಕೆ ಕಾರಣವಿರಬೇಕೆಂದು ಅವನು ಊಹಿಸಿದನು.

ಇಂದು ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಹೆರಿಗೆಗೆ ಸಾಮಾನ್ಯವಾಗಿ ಕೊಡುವ ಬೆನ್ನಿನ ಅರಿವಳಿಕೆಯು ಬೀರ್‌ನ ವಿಧಾನದಿಂದ ಬೆಳೆದು ಬಂದದ್ದೇ. ಅದು ಸುರಕ್ಷಿತವಾದ, ಉಪಕಾರಿಯಾದ ವಿಧಾನ. ಆದರೂ ಕೆಲವರಲ್ಲಿ ಸೂಜಿಯ ತೂತು ಬೇಗ ಮುಚ್ಚಿಕೊಳ್ಳದೆ, ಮೊದಲ ಐದು ದಿನಗಳೊಳಗೆ ಈ ತಲೆನೋವು ಕಾಣಿಸಿಕೊಳ್ಳುತ್ತದೆ. ಎಳೆಯ ಪ್ರಾಯದವರಿಗೆ, ಅದರಲ್ಲಿಯೂ ಬಾಣಂತಿಯರಿಗೆ, ಇದರ ಸಂಭವ ಹೆಚ್ಚು. ಎದ್ದು ಕುಳಿತು ಮಗುವಿಗೆ ಹಾಲೂಡಿಸಲಾರದ ಬಾಣಂತಿಯನ್ನು ಮನೆಯವರು ನಿಶ್ಶಕ್ತಿಯೆಂದೋ, ಶೀತವೆಂದೋ, ಸೋಮಾರಿತನವೆಂದೋ ತಿಳಿಯುವುದುಂಟು. ಅವಳ ನೋವಿಗೆ ಕಾರಣ ಡ್ಯೂರಾ ಪೊರೆಯಲ್ಲಿರುವ, ಅರ್ಧ ಮಿಲಿಮೀಟರಿನ ಆಸುಪಾಸಿನ ಒಂದು ತೂತು.

ಸೂಜಿಯ ಸೋಂಕಿಲ್ಲದೆ ತಾನಾಗಿಯೇ ಉಂಟಾಗುವ ಸೋರಿಕೆಯೂ ಇದೆ. ಇದು ವಿರಳ, ವರ್ಷಕ್ಕೆ ಲಕ್ಷ ಜನರಲ್ಲಿ ನಾಲ್ಕೈದು ಮಂದಿಗೆ ಬರುತ್ತದೆಂದು ಅಂದಾಜು. ಬೆನ್ನುಮೂಳೆಯ ಮಣಿಯ ಅಂಚಿನಲ್ಲಿ ಬೆಳೆದ ಮುಳ್ಳಿನಂಥ ಎಲುಬು ಪೊರೆಯನ್ನು ಹರಿಯಬಹುದು. ನರಗಳು ಹೊರಡುವೆಡೆಯಲ್ಲಿ ಪೊರೆ ತೆಳುವಾಗಿ ಉಬ್ಬಿ ಬಿರಿಯಬಹುದು. ಮೂರನೆಯ ಬಗೆಯೊಂದನ್ನು ವೈದ್ಯರು ವಿವರಿಸಿದುದು 2014ರಲ್ಲಿ. ಇದರಲ್ಲಿ ಮೇರುದ್ರವದ ಚೀಲಕ್ಕೂ ಪಕ್ಕದ ಅಭಿಧಮನಿಗೂ ನೇರವಾದ ಕಳ್ಳದಾರಿಯೊಂದು ಏರ್ಪಟ್ಟು, ದ್ರವವು ಸದ್ದಿಲ್ಲದೆ ರಕ್ತಕ್ಕೆ ಸೇರಿಹೋಗುತ್ತದೆ.

ಬುರುಡೆಯೊಳಗಿನ ಜಮಾಖರ್ಚು

ಚಿಕಿತ್ಸೆಗೆ ಹೋಗುವ ಮುನ್ನ ಇನ್ನೊಂದು ತತ್ತ್ವವನ್ನು ತಿಳಿಯಬೇಕು. ಅಲೆಕ್ಸಾಂಡರ್ ಮನ್ರೊ 1783ರಲ್ಲಿಯೂ ಜಾರ್ಜ್ ಕೆಲ್ಲಿ 1824ರಲ್ಲಿಯೂ ಸ್ಕಾಟ್ಲೆಂಡಿನಲ್ಲಿ ಇದಕ್ಕೆ ತಳಹದಿ ಹಾಕಿದರು. ತಲೆಬುರುಡೆ ಹಿಗ್ಗದ, ಕುಗ್ಗದ ಪೆಟ್ಟಿಗೆ. ಅದರೊಳಗೆ ಇರುವುದು ಮಿದುಳು, ರಕ್ತ, ಮೇರುದ್ರವ ಈ ಮೂರೇ. ಮೂರರ ಗಾತ್ರಗಳ ಮೊತ್ತ ಸ್ಥಿರವಾಗಿರಬೇಕು. ಆದುದರಿಂದ ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಲೇಬೇಕು. ಮೇರುದ್ರವ ಸೋರಿದಾಗ ಮಿದುಳು ಹಿಗ್ಗಲಾರದು, ಹಿಗ್ಗಬಲ್ಲವು ರಕ್ತನಾಳಗಳು. ಅವು ಉಬ್ಬಿ ರಕ್ತದಿಂದ ತುಂಬುತ್ತವೆ. ಈ ಉಬ್ಬುವಿಕೆಯೂ ತಲೆನೋವಿನ ಒಂದು ಕಾರಣ. ಕಾಂತೀಯ ಅನುರಣನ ಚಿತ್ರದಲ್ಲಿ ಡ್ಯೂರಾ ಪೊರೆಯು ದಪ್ಪನಾಗಿ ಬೆಳಗುವುದು, ಮಿದುಳು ಕೆಳಕ್ಕೆ ಜಗ್ಗಿರುವುದು, ಇವನ್ನು ಕಂಡು ವೈದ್ಯರು ಸೋರಿಕೆಯನ್ನು ಊಹಿಸುತ್ತಾರೆ. ಆದರೆ ಚಿತ್ರ ಸಹಜವಾಗಿದ್ದರೂ, ಒತ್ತಡ ಸಹಜವಾಗಿದ್ದರೂ ಸೋರಿಕೆ ಇರಬಹುದೆಂಬುದನ್ನು ಮರೆಯಬಾರದು.

ವಿಶ್ರಾಂತಿ, ನೀರು, ಕಾಫಿ

ಎಲ್ಲಕ್ಕಿಂತ ಸರಳವಾದ ಚಿಕಿತ್ಸೆ ಮಲಗುವುದು. ಮಲಗಿದಾಗ ತೂತಿನ ಮೇಲಿನ ಒತ್ತಡ ಇಳಿಯುತ್ತದೆ, ಸೋರಿಕೆ ತಗ್ಗುತ್ತದೆ, ದೇಹಕ್ಕೆ ತೂತನ್ನು ಮುಚ್ಚಿಕೊಳ್ಳಲು ಅವಕಾಶ ದೊರೆಯುತ್ತದೆ. ಸೂಜಿಯಿಂದಾದ ತಲೆನೋವು ಅನೇಕರಲ್ಲಿ ಒಂದೆರಡು ವಾರಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಸೂಜಿ ಹಾಕಿದ ಮೇಲೆ ಮುಂಜಾಗ್ರತೆಗೆಂದು ದಿನವೆಲ್ಲ ಮಲಗಿಸಿದರೆ ತಲೆನೋವು ಬರುವುದು ತಪ್ಪುವುದಿಲ್ಲವೆಂದು ಹಲವು ಪರೀಕ್ಷೆಗಳಿಂದ ತಿಳಿದುಬಂದಿದೆ. ಮಲಗುವುದು ನೋವನ್ನು ಶಮನಗೊಳಿಸುತ್ತದೆ, ಮುಂಚಿತವಾಗಿ ತಡೆಯುವುದಿಲ್ಲ.

ನೀರಿನ ವಿಷಯದಲ್ಲಿಯೂ ಹೀಗೆಯೇ. ದೇಹ ಒಣಗದಷ್ಟು ನೀರು ಕುಡಿಯಬೇಕು. ಆದರೆ ಮಿತಿಮೀರಿ ಕುಡಿದರೆ ಮೇರುದ್ರವ ಹೆಚ್ಚು ಉತ್ಪತ್ತಿಯಾಗುತ್ತದೆಂಬುದಕ್ಕೆ ಆಧಾರವಿಲ್ಲ.

ಕಾಫಿಯಲ್ಲಿರುವ ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೇಲೆ ಹೇಳಿದ ಜಮಾಖರ್ಚಿನಲ್ಲಿ ರಕ್ತದ ಪಾಲು ತಗ್ಗಿ, ಉಬ್ಬಿದ ನಾಳಗಳ ನೋವು ಕೆಲವು ಗಂಟೆಗಳ ಕಾಲ ಕಡಿಮೆಯಾಗುತ್ತದೆ. ಆದರೆ ಕೆಫೀನ್ ತೂತನ್ನು ಮುಚ್ಚುವುದಿಲ್ಲ. ಹಾಲೂಡಿಸುವ ತಾಯಂದಿರು ಇದನ್ನು ಮಿತಿಯಲ್ಲಿ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು.

ರಕ್ತದ ತೇಪೆ

ಈ ಉಪಾಯಗಳಿಂದ ಗುಣವಾಗದಾಗ ತೂತಿಗೆ ತೇಪೆ ಹಾಕಬೇಕಾಗುತ್ತದೆ. ಆ ತೇಪೆ ರೋಗಿಯ ಸ್ವಂತ ರಕ್ತವೇ. ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಗಾರ್ಮ್ಲಿ ಒಂದು ಸಂಗತಿಯನ್ನು ಗಮನಿಸಿದನು. ಸೂಜಿ ಹಾಕುವಾಗ ಅಕಸ್ಮಾತ್ತಾಗಿ ರಕ್ತ ಒಸರಿದ ರೋಗಿಗಳಿಗೆ ತಲೆನೋವು ಕಡಿಮೆ! ಹಾಗಾದರೆ ಬೇಕೆಂದೇ ಅಲ್ಲಿ ರಕ್ತವನ್ನು ಇಟ್ಟರೇನು? 1960ರಲ್ಲಿ ಅವನು ಏಳು ಮಂದಿಗೆ ಎರಡು ಮೂರು ಮಿಲಿಲೀಟರ್ ರಕ್ತವನ್ನು ಹೀಗೆ ಹಾಕಿ ಗುಣವಾದುದನ್ನು ವರದಿ ಮಾಡಿದನು. 1970ರಲ್ಲಿ ಡಿಜೊವಾನಿ ಮತ್ತು ಡನ್ಬಾರ್ ಎಂಬ ವೈದ್ಯರು 10 ಮಿಲಿಲೀಟರ್ ರಕ್ತವನ್ನು ಬಳಸಿ, 45 ಮಂದಿಯಲ್ಲಿ 41 ಮಂದಿಗೆ ಗುಣವಾಯಿತೆಂದು ಪ್ರಕಟಿಸಿದ ಬಳಿಕ ಈ ವಿಧಾನ ಎಲ್ಲೆಡೆ ಹರಡಿತು.

ಕ್ರಮ ಹೀಗಿದೆ. ಡ್ಯೂರಾ ಪೊರೆಗೂ ಬೆನ್ನೆಲುಬಿನ ನಾಳದ ಗೋಡೆಗೂ ನಡುವೆ, ಕೊಬ್ಬು ಮತ್ತು ಅಭಿಧಮನಿಗಳಿಂದ ತುಂಬಿದ ಕಿರಿದಾದ ಅವಕಾಶವೊಂದಿದೆ. ಇದಕ್ಕೆ ಎಪಿಡ್ಯೂರಲ್ ಅವಕಾಶವೆಂದು ಹೆಸರು. ವೈದ್ಯನು ಸೂಜಿಗೆ ದ್ರವ ತುಂಬಿದ ಪಿಚಕಾರಿಯನ್ನು ಸೇರಿಸಿ, ಅದರ ದಂಡವನ್ನು ಒತ್ತುತ್ತ ನಿಧಾನವಾಗಿ ಮುಂದುವರಿಯುತ್ತಾನೆ. ಗಟ್ಟಿಯಾದ ಸ್ನಾಯುರಜ್ಜುವಿನಲ್ಲಿ ಸೂಜಿಯ ತುದಿ ಇರುವವರೆಗೆ ದಂಡವು ಅಲುಗದು. ತುದಿಯು ಎಪಿಡ್ಯೂರಲ್ ಅವಕಾಶವನ್ನು ಮುಟ್ಟಿದ ಕ್ಷಣವೇ ತಡೆ ಮಾಯವಾಗಿ ದಂಡವು ಜಾರುತ್ತದೆ. ಬೆರಳಿಗೆ ಒದಗುವ ಈ ಸೂಚನೆಯಿಂದಲೇ ವೈದ್ಯನು ಡ್ಯೂರಾವನ್ನು ಚುಚ್ಚದೆ ನಿಲ್ಲುತ್ತಾನೆ. ಇಷ್ಟರಲ್ಲಿ ಇನ್ನೊಬ್ಬರು ರೋಗಿಯ ತೋಳಿನಿಂದ, ಕ್ರಿಮಿಗಳು ಸೋಂಕದಂತೆ, ರಕ್ತವನ್ನು ತೆಗೆಯುತ್ತಾರೆ. ಅದನ್ನು ಕೂಡಲೆ, ಹೆಪ್ಪುಗಟ್ಟುವ ಮುನ್ನ, ನಿಧಾನವಾಗಿ ಒಳಸೇರಿಸುತ್ತಾರೆ. ಈಗ ಸುಮಾರು 20 ಮಿಲಿಲೀಟರಿನವರೆಗೆ ಹಾಕುವುದು ವಾಡಿಕೆ. ಬೆನ್ನಿನಲ್ಲಿ ಒತ್ತಿದಂತಾಗಿ ನೋವು ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಈ ತೇಪೆ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಶುದ್ಧ ಭೌತವಿಜ್ಞಾನ. ಹೊರಗಿನಿಂದ ಸೇರಿದ ರಕ್ತವು ಮೇರುದ್ರವದ ಚೀಲವನ್ನು ಅದುಮುತ್ತದೆ. ಬಲೂನಿನ ಕೆಳಭಾಗವನ್ನು ಹಿಂಡಿದರೆ ಮೇಲ್ಭಾಗ ಉಬ್ಬುವಂತೆ ದ್ರವವು ತಲೆಯ ಕಡೆಗೆ ಏರುತ್ತದೆ. ಮಿದುಳಿಗೆ ಮತ್ತೆ ಆಸರೆ ದೊರೆಯುತ್ತದೆ. ಎಷ್ಟೋ ರೋಗಿಗಳು ಕೆಲವೇ ನಿಮಿಷಗಳಲ್ಲಿ ನೋವು ಇಳಿಯಿತೆನ್ನುವುದು ಇದರಿಂದ. ಈ ಅದುಮುವಿಕೆ ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತದೆ. ಎರಡನೆಯದು ರಸಾಯನ ಕ್ರಿಯೆ. ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ನಾರಾಗಿ ಮಾರ್ಪಟ್ಟು, ಬಲೆಯಂತೆ ಹೆಣೆದುಕೊಂಡು ಹೆಪ್ಪಾಗುತ್ತದೆ. ಈ ಹೆಪ್ಪು ತೂತಿಗೆ ಬಿರಡೆಯಾಗಿ ಕುಳಿತು, ಅದರಡಿಯಲ್ಲಿ ಪೊರೆ ಕೂಡಿಕೊಳ್ಳಲು ಸಮಯ ಒದಗಿಸುತ್ತದೆ.

ಇದು ಮಂತ್ರವಿದ್ಯೆಯಲ್ಲ, ಎಲ್ಲರಿಗೂ ಒಂದೇ ಸಲಕ್ಕೆ ಫಲಿಸುವುದಿಲ್ಲ. ಹೆರಿಗೆಯ ನೋವಿಗೆ ಬಳಸುವ ದಪ್ಪ ಎಪಿಡ್ಯೂರಲ್ ಸೂಜಿಯು ತಪ್ಪಿ ಡ್ಯೂರಾವನ್ನು ತೂತುಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಲೆನೋವು ಬರುತ್ತದೆ. ಅಂಥ ದೊಡ್ಡ ತೂತಿಗೆ ಹಾಕಿದ ತೇಪೆ ಬಹುಮಂದಿಗೆ ಉಪಶಮನ ನೀಡಿದರೂ ಒಂದೇ ತೇಪೆಯಿಂದ ಪೂರ್ಣವಾಗಿ ಗುಣಹೊಂದುವವರು ಸುಮಾರು ಮೂರರಲ್ಲಿ ಒಬ್ಬರು. ಆಗ ಎರಡನೆಯ ಸಲ ಹಾಕಬೇಕಾಗಬಹುದು. ಜ್ವರವಿರುವವರಿಗೆ, ರಕ್ತದಲ್ಲಿ ಸೋಂಕಿರುವವರಿಗೆ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರಿಗೆ ಇದನ್ನು ಹಾಗೆಯೇ ಮಾಡಲಾಗದು. ತೇಪೆಯ ಬಳಿಕ ಬೆನ್ನುನೋವು ಕೆಲವು ದಿನ ಇರಬಹುದು. ರೋಗಿಯು ಒಂದೆರಡು ಗಂಟೆ ಅಂಗಾತ ಮಲಗಿರಬೇಕು. ಮುಂದೆಯೂ ವೈದ್ಯರು ಹೇಳಿದಷ್ಟು ಕಾಲ ಬಗ್ಗುವುದು, ಮೈ ತಿರುಚುವುದು, ಭಾರ ಎತ್ತುವುದು ಇವನ್ನು ಬಿಡಬೇಕು. ತಾನಾಗಿ ಉಂಟಾದ ಸೋರಿಕೆಗಳಲ್ಲಿ ಈ ನಿಯಮವನ್ನು ನಾಲ್ಕರಿಂದ ಆರು ವಾರಗಳವರೆಗೂ ಪಾಲಿಸುತ್ತಾರೆ. ತುಂಬಿದ ಕೊಡವನ್ನು ಎತ್ತುವಾಗ, ಮುಕ್ಕುವಾಗ, ಬಲವಾಗಿ ಕೆಮ್ಮುವಾಗ ಮೇರುದ್ರವದ ಒತ್ತಡ ಥಟ್ಟನೆ ಏರಿ ಎಳೆಯ ಬಿರಡೆಯನ್ನು ಕಿತ್ತೊಗೆಯಬಹುದಲ್ಲವೆ?

ತೂತು ಎಲ್ಲಿದೆ?

ತಾನಾಗಿ ಉಂಟಾದ ಸೋರಿಕೆಯಲ್ಲಿ ತೂತು ಎಲ್ಲಿದೆಯೆಂಬುದೇ ಮೊದಲು ತಿಳಿಯದು. ಆದರೂ ಸೊಂಟದ ಬಳಿ ರಕ್ತದ ತೇಪೆ ಹಾಕಿ ನೋಡುವುದುಂಟು. ಅದು ಫಲಿಸದಿದ್ದರೆ ಕ್ಷಕಿರಣಗಳಿಗೆ ಕಾಣುವ ದ್ರವವೊಂದನ್ನು ಚೀಲಕ್ಕೆ ಸೇರಿಸಿ, ಅದು ಹೊರಬರುವ ತಾಣವನ್ನು ಚಿತ್ರಗಳಲ್ಲಿ ಹುಡುಕುತ್ತಾರೆ. ತಾಣ ದೊರೆತ ಮೇಲೆ ಅಲ್ಲಿಗೇ ರಕ್ತವನ್ನೋ ಫೈಬ್ರಿನ್ ಅಂಟನ್ನೋ ಗುರಿಯಿಟ್ಟು ಹಾಕಬಹುದು. ಅಭಿಧಮನಿಯ ಕಳ್ಳದಾರಿಯಿದ್ದರೆ ತೊಡೆಯ ಸಂದಿನ ಅಭಿಧಮನಿಯಿಂದ ಸಪೂರವಾದ ನಳಿಗೆಯನ್ನು ಅಲ್ಲಿಯವರೆಗೆ ನಡೆಸಿ, ಗಟ್ಟಿಯಾಗುವ ದ್ರವವೊಂದರಿಂದ ಆ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. 2021ರಿಂದ ಈಚೆಗೆ ಬಳಕೆಗೆ ಬಂದ ಈ ವಿಧಾನದಲ್ಲಿಯೂ ಬೆನ್ನನ್ನು ಕೊಯ್ಯಬೇಕಾಗಿಲ್ಲ. ಎಲುಬಿನ ಮುಳ್ಳು ಹರಿದ ದೊಡ್ಡ ಸೀಳುಗಳಿಗೆ ಮಾತ್ರ ಹಲವು ಬಾರಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಸೋರಿಕೆ ಮುಚ್ಚಿದ ಮೇಲೆ ಕೆಲವರಿಗೆ ತದ್ವಿರುದ್ಧವಾದ ತಲೆನೋವು ಬರುತ್ತದೆ. ಈಗ ಮಲಗಿದರೆ ಹೆಚ್ಚು, ಎದ್ದರೆ ಕಡಿಮೆ! ತೂತು ಮುಚ್ಚಿದ ಚೀಲದಲ್ಲಿ ಒತ್ತಡವು ಮಿತಿಯನ್ನು ಮೀರಿದುದರ ಗುರುತು ಇದು. ಹೆಚ್ಚಿನವರಲ್ಲಿ ಕಾಲಕ್ರಮದಲ್ಲಿ ಸರಿಹೋಗುತ್ತದೆ. ದ್ರವದ ಉತ್ಪತ್ತಿಯನ್ನು ತಗ್ಗಿಸುವ ಅಸಿಟಜೊಲಮೈಡ್ ಎಂಬ ಔಷಧಿಯನ್ನೂ ಕೊಡುವುದುಂಟು. ಇದನ್ನು ಅರಿಯದೆ ಹಳೆಯ ಸೋರಿಕೆಯೇ ಮರಳಿತೆಂದು ಇನ್ನೊಂದು ತೇಪೆ ಹಾಕಿದರೆ ಅಪಾಯ.

ಸೂಜಿಯ ತುದಿ

ರೋಗವನ್ನು ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ಕ್ವಿಂಕೆಯ ಸೂಜಿಯ ತುದಿ ಓರೆಯಾಗಿ ಹರಿತವಾಗಿರುತ್ತದೆ. ಅದು ಪೊರೆಯ ನಾರುಗಳನ್ನು ಕತ್ತರಿಸುತ್ತದೆ. 1951ರಲ್ಲಿ ಹಾರ್ಟ್ ಮತ್ತು ವಿಟೇಕರ್ ಎಂಬವರು ಸೀಸದಕಡ್ಡಿಯಂತೆ ತುದಿ ಚೂಪಾಗಿದ್ದು ಪಕ್ಕದಲ್ಲಿ ರಂಧ್ರವುಳ್ಳ ಸೂಜಿಯನ್ನು ಪ್ರಕಟಿಸಿದರು. ಇದು ನಾರುಗಳನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಸರಿಸಿಕೊಂಡು ಹೋಗುತ್ತದೆ. ಸೂಜಿ ಹೊರಬಂದ ಮೇಲೆ ನಾರುಗಳು ಮತ್ತೆ ಕೂಡಿಕೊಳ್ಳುವುದು ಸುಲಭ. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಲೆಕ್ಕದಂತೆ ಹರಿತ ಸೂಜಿಯಿಂದ ನೂರಕ್ಕೆ 11 ಮಂದಿಗೆ ತಲೆನೋವು ಬಂದರೆ, ಸೀಸದಕಡ್ಡಿಯ ತುದಿಯ ಸೂಜಿಯಿಂದ ಬಂದದ್ದು ಸುಮಾರು ನಾಲ್ವರಿಗೆ ಮಾತ್ರ. ಸೂಜಿ ಸಪೂರವಾದಷ್ಟೂ ತೂತು ಚಿಕ್ಕದು. ಅರಿವಳಿಕೆಗೆ ಈಗ ಬಳಸುವ 25 ಮತ್ತು 27ನೆಯ ಅಳತೆಯ ಸೂಜಿಗಳ ವ್ಯಾಸ ಕ್ರಮವಾಗಿ ಸುಮಾರು 0.5 ಮತ್ತು 0.4 ಮಿಲಿಮೀಟರ್.

ನಾವು ನೆನಪಿಡಬೇಕಾದುದು

ಎಲ್ಲ ತಲೆನೋವೂ ಸೋರಿಕೆಯಲ್ಲ. ಆದರೆ ತಲೆನೋವಿನವರನ್ನು ಕೇಳಬೇಕಾದ ಪ್ರಶ್ನೆಯೊಂದು ಈಗ ನಮ್ಮಲ್ಲಿದೆ: ಮಲಗಿದರೆ ಹೋಗುತ್ತದೆಯೆ, ಎದ್ದರೆ ಬರುತ್ತದೆಯೆ? ಹೌದೆಂಬ ಉತ್ತರ ಬಂದರೆ, ಅದರಲ್ಲಿಯೂ ಈಚೆಗೆ ಬೆನ್ನಿಗೆ ಸೂಜಿ ಹಾಕಿಸಿಕೊಂಡವರಾಗಿದ್ದರೆ, ಅರಿವಳಿಕೆ ಕೊಟ್ಟ ವೈದ್ಯರಿಗೆ ಆ ಮಾತನ್ನು ಹಾಗೆಯೇ ತಿಳಿಸಬೇಕು. ಮೊದಲು ಭಂಗಿಯನ್ನು ಅನುಸರಿಸುತ್ತಿದ್ದ ನೋವು ಅನಂತರ ಎಲ್ಲ ಹೊತ್ತಿನಲ್ಲಿಯೂ ಬರತೊಡಗಿದರೆ, ಮಂಪರು, ಸೆಳವು, ಜ್ವರ, ಕೈಕಾಲುಗಳ ನಿಶ್ಶಕ್ತಿ, ಮೂತ್ರಕಟ್ಟು ಇವುಗಳಲ್ಲಿ ಯಾವುದೊಂದು ಕಂಡರೂ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜಗ್ಗಿದ ಮಿದುಳು ಹೊರಮೈಯ ಅಭಿಧಮನಿಗಳನ್ನು ಎಳೆದು ಹರಿದು, ಡ್ಯೂರಾದ ಅಡಿಯಲ್ಲಿ ರಕ್ತಸ್ರಾವವಾಗಿರುವ ಸಂಭವವುಂಟು, ಅದು ಪ್ರಾಣಾಪಾಯಕರ.

ಹಾಸಿಗೆಯಿಂದ ಏಳಲಾರದ ಬಾಣಂತಿಗೆ ಧೈರ್ಯ ಹೇಳುವವರು ಬಹಳ ಮಂದಿ ಇರುತ್ತಾರೆ. ಈ ಪ್ರಶ್ನೆಯನ್ನು ಕೇಳುವವರು ಒಬ್ಬರಾದರೂ ಇದ್ದರೆ ಅವಳ ಕಷ್ಟ ಬೇಗ ಕಳೆಯುತ್ತದೆ. ನಮ್ಮ ವಾಚಕರಲ್ಲಿ ಯಾರಾದರೂ ಮುಂದೊಂದು ದಿನ ಆ ಒಬ್ಬರಾಗಬಹುದು.